ಹಳೆಯ ಮನೆಯನ್ನು ಯಾವ ವರ್ಷಕ್ಕೆ ನಿಲ್ಲಿಸಬೇಕು?

ಪಡಸಾಲೆ (ಚರ್ಚೆ ಆರಂಭಿಸಿದವರು)

ಹಳೆಯ ಮನೆಯೊಂದನ್ನು ದುರಸ್ತಿ ಮಾಡಿ ಸಾರ್ವಜನಿಕರಿಗೆ ತೆರೆಯಲು ಹೊರಟಿರುವ ಸಣ್ಣ ತಂಡದಲ್ಲಿ ನಾನೂ ಇದ್ದೇನೆ. ಮನೆ ಕಟ್ಟಿಸಿದವರು ಒಬ್ಬ ವ್ಯಾಪಾರಿ, ಹೆಸರು ಮಾಡಿದವರು ಅವರ ಮೊಮ್ಮಗ. ಆಮೇಲಿನ ದೀರ್ಘ ಕಾಲ ಅಲ್ಲಿದ್ದವರು ಕೋಣೆಗೊಂದು ಸಂಸಾರದಂತೆ ಬಾಡಿಗೆಗೆ ಬಂದವರು. ಹಾಗಾಗಿ ಮನೆಯೊಳಗೆ ಎಲ್ಲರ ಗುರುತೂ ಇದೆ. ನಡುಮನೆಯ ಗೋಡೆಯಲ್ಲಿ ಬಣ್ಣದ ಮೇಲೆ ಬಣ್ಣ. ಸೌದೆ ಒಲೆಯ ಮಸಿ ಹಿಡಿದ ಮೂಲೆಗೆ ತಾಗಿಕೊಂಡೇ ಗ್ಯಾಸ್ ಒಲೆಯ ಕಟ್ಟೆ. ದೊಡ್ಡ ಹಜಾರವನ್ನು ಎರಡಾಗಿ ಸೀಳಿರುವ ಹಲಗೆಯ ಅಡ್ಡಗೋಡೆ.

ತಂಡದ ಬಹುಮತ ಹೇಳುವುದೇನೆಂದರೆ, ಮೊಮ್ಮಗನ ಕಾಲದಲ್ಲಿ ಮನೆ ಹೇಗಿತ್ತೋ ಹಾಗೆ ಮಾಡೋಣ, ನಂತರ ಸೇರಿದ್ದನ್ನೆಲ್ಲ ತೆಗೆಯೋಣ, ಆ ಕಾಲದ ಮಂಚ ಮೇಜುಗಳನ್ನು ಎಲ್ಲಿಂದಲಾದರೂ ತಂದು ಜೋಡಿಸೋಣ. ನನಗೆ ಇದು ಒಪ್ಪಿಗೆಯಿಲ್ಲ. ಹಿಂದಿನವರು ಹೇಗೆ ಬದುಕುತ್ತಿದ್ದರು ಎಂದು ತೋರಿಸಲು ಹೊರಟು, ಆ ಮನೆಯಲ್ಲಿ ಅತಿ ಹೆಚ್ಚು ಕಾಲ ಬದುಕಿದವರನ್ನೇ ಅಳಿಸಿಹಾಕುವುದು ಯಾವ ನ್ಯಾಯ? ಆದರೆ "ಹಾಗಾದರೆ ಬಂದವರಿಗೆ ತೋರಿಸುವುದೇನು, ಮಸಿ ಹಿಡಿದ ಗೋಡೆಯನ್ನೇ?" ಎಂದು ಒಬ್ಬರು ಕೇಳಿದಾಗ ಸಭೆಯೆಲ್ಲ ನಕ್ಕಿತು. ಮುಂದಿನ ಸಭೆಗೆ ನನಗೆ ಗಟ್ಟಿಯಾದ ಉತ್ತರ ಬೇಕು.

ಗಾರೆಕರಣೆ

ಮೊದಲು ತುರ್ತಿನ ಮಾತು. ಯಾರ ಕೈಯಲ್ಲಾದರೂ ಉಳಿ, ಉಜ್ಜುಗಾಗದ ಇದ್ದರೆ ಇಸಿದುಕೊಂಡು ಬೀಗ ಹಾಕಿಡಿ. ನಿರ್ಧಾರವಾಗುವವರೆಗೆ ಗೋಡೆಯನ್ನು ಯಾರೂ ಕೆರೆಯಬಾರದು. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಬಳಿಯಬಹುದು, ಕೆರೆದು ಹೋದ ಪದರ ಮತ್ತೆ ಬರುವುದಿಲ್ಲ.

ನಿಮ್ಮ ತಂಡದ ಜಗಳ ಬಹಳ ಹಳೆಯದು. ಫ್ರಾನ್ಸಿನ ವಾಸ್ತುಶಿಲ್ಪಿ ವಯೊಲೆ ಲ ಡ್ಯೂಕ್ ಹತ್ತೊಂಬತ್ತನೆಯ ಶತಮಾನದಲ್ಲೇ, ಕಟ್ಟಡವನ್ನು ಜೀರ್ಣೋದ್ಧಾರ ಮಾಡುವುದೆಂದರೆ ಅದನ್ನು ಹಿಂದೆ ಯಾವ ಗಳಿಗೆಯಲ್ಲೂ ಇದ್ದಿರದಂಥ ಪರಿಪೂರ್ಣ ಸ್ಥಿತಿಗೆ ತರುವುದೂ ಆಗಬಹುದು ಎಂದು ಮುಚ್ಚುಮರೆಯಿಲ್ಲದೆ ವಾದಿಸಿದ್ದ. ನಿಮ್ಮ ಬಹುಮತದವರು ಅವನ ವಂಶಸ್ಥರು, ಅವರಿಗೆ ಗೊತ್ತಿಲ್ಲ ಅಷ್ಟೇ. ಇದಕ್ಕೆ ಎದುರಾಗಿ ಇಂಗ್ಲೆಂಡಿನಲ್ಲಿ ವಿನ್ಯಾಸಕ, ಕವಿ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದರು. ಹಳೆಯ ಗಾರೆಯನ್ನು ಕೆರೆದು ತೆಗೆಯುವುದನ್ನು ವಿರೋಧಿಸಿದ ಅವರಿಗೆ ಕೆರೆತದ ವಿರೋಧಿಗಳು ಎಂಬ ಅಡ್ಡಹೆಸರೇ ಬಿತ್ತು.

ಸಭೆಯಲ್ಲಿ ಓದಲು ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ನಿಯಮಾವಳಿಯಾದ 1964ರ ವೆನಿಸ್ ಸನ್ನದಿನ ಎರಡು ವಿಧಿಗಳು ಸಾಕು. ಒಂಬತ್ತನೆಯದರ ಸಾರ: ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಜೀರ್ಣೋದ್ಧಾರ ನಿಲ್ಲಬೇಕು. ಹನ್ನೊಂದನೆಯದರ ಸಾರ: ಕಟ್ಟಡಕ್ಕೆ ಎಲ್ಲ ಕಾಲದವರೂ ಸೇರಿಸಿದ ಅರ್ಥವುಳ್ಳ ಭಾಗಗಳನ್ನು ಗೌರವಿಸಬೇಕು, ಒಂದೇ ಶೈಲಿಗೆ ತರುವುದು ಗುರಿಯಲ್ಲ. ಮೊಮ್ಮಗನ ಕಾಲದ ಮಂಚ ಎಲ್ಲಿತ್ತು ಎಂಬುದಕ್ಕೆ ನಿಮ್ಮ ಬಳಿ ಪುರಾವೆ ಇದೆಯೇ? ಇಲ್ಲದಿದ್ದರೆ ನೀವು ಮಾಡುತ್ತಿರುವುದು ನಾಟಕದ ರಂಗಸಜ್ಜಿಕೆ.

ಚಪ್ಪಾಳೆ

ಸನ್ನದು ಓದಿ ಹೇಳಿದರೆ ಟಿಕೆಟ್ ಮಾರಾಟವಾಗುವುದಿಲ್ಲ, ಕ್ಷಮಿಸಿ. ನಾನು ಮಕ್ಕಳನ್ನು ಕರೆದುಕೊಂಡು ಇಂಥ ಕಡೆ ಹೋಗುವವನು. ಮಂಚ, ತೊಟ್ಟಿಲು, ಪಾತ್ರೆ ಪಗಡಿ ಇದ್ದರೆ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಖಾಲಿ ಕೋಣೆಯಲ್ಲಿ ಪದರ ಪದರ ಎಂದು ಭಾಷಣ ಮಾಡಿದರೆ ಹೊರಗೆ ಐಸ್‌ಕ್ರೀಂ ಸಿಗುತ್ತದೆಯೇ ಎಂದು ಕೇಳುತ್ತಾರೆ. ರಂಗಸಜ್ಜಿಕೆ ಎಂಬುದು ಬೈಗುಳ ಹೇಗಾಯಿತು?

ದಾಖಲೆಹುಳು

ಚಪ್ಪಾಳೆಯವರ ಮಾತಿನಲ್ಲಿ ತಥ್ಯವಿದೆ. ಆದರೆ ಆಯ್ಕೆ ಇರುವುದು ಒಂದು ವರ್ಷ ಮತ್ತು ಖಾಲಿ ಕೋಣೆ ಇವೆರಡರ ನಡುವೆ ಮಾತ್ರ ಎಂದು ಯಾರು ಹೇಳಿದರು?

ನ್ಯೂಯಾರ್ಕಿನ 97 ಆರ್ಚರ್ಡ್ ಬೀದಿಯ ಕಟ್ಟಡ ನಿಮ್ಮ ಮನೆಗೆ ಹತ್ತಿರದ ಉದಾಹರಣೆ. 1863ರಲ್ಲಿ ಕಟ್ಟಿದ ಬಾಡಿಗೆ ವಠಾರ ಅದು. ಹೊಸ ಕಾನೂನಿಗೆ ತಕ್ಕಂತೆ ದುರಸ್ತಿ ಮಾಡಿಸುವುದಕ್ಕಿಂತ ಖಾಲಿ ಮಾಡಿಸುವುದೇ ಲಾಭ ಎಂದು ಮಾಲೀಕ 1935ರಲ್ಲಿ ಮೇಲಿನ ಅಂತಸ್ತುಗಳ ಬಾಡಿಗೆದಾರರನ್ನು ಹೊರಗೆ ಕಳುಹಿಸಿ ಬಾಗಿಲು ಮುಚ್ಚಿದ, ಕೆಳಗಿನ ಅಂಗಡಿಗಳು ಮಾತ್ರ ನಡೆದವು. 1988ರಲ್ಲಿ ವಸ್ತುಸಂಗ್ರಹಾಲಯ ಕಟ್ಟಲು ಜಾಗ ಹುಡುಕುತ್ತಿದ್ದವರ ಕಣ್ಣಿಗೆ ಬಿದ್ದಾಗ ಅರ್ಧ ಶತಮಾನ ಹಾಗೆಯೇ ಮುಚ್ಚಿಟ್ಟ ಮನೆಗಳು ಅಲ್ಲಿದ್ದವು. ಅಷ್ಟು ವರ್ಷಗಳಲ್ಲಿ ಆ ಒಂದು ಕಟ್ಟಡದಲ್ಲಿ ಬಾಳಿದವರು ಸುಮಾರು 7,000 ಜನ. ಅವರು ಒಂದು ವರ್ಷವನ್ನು ಆರಿಸಲಿಲ್ಲ, ಕುಟುಂಬಗಳನ್ನು ಆರಿಸಿದರು. 1870ರ ದಶಕದ ಗುಂಪರ್ಟ್ಸ್ ಕುಟುಂಬಕ್ಕೆ ಒಂದು ಮನೆ, 1930ರ ದಶಕದ ಬಾಲ್ಡಿಝಿ ಕುಟುಂಬಕ್ಕೆ ಇನ್ನೊಂದು. ಜೊತೆಗೆ ಸುಲಿದ ಗೋಡೆಕಾಗದ, ಉದುರಿದ ಗಾರೆ ಇದ್ದಂತೆಯೇ ಬಿಟ್ಟ ಮನೆಗಳೂ ಇವೆ. ಸಜ್ಜುಗೊಳಿಸಿದ ಕೋಣೆಯಿಂದ ಹೊರಬಂದು ಆ ಬರಿಯ ಗೋಡೆಯನ್ನು ನೋಡಿದಾಗ, ಮೊದಲು ಕಂಡದ್ದು ಎಷ್ಟು ಹುಡುಕಾಟದ ಫಲ ಎಂದು ತಿಳಿಯುತ್ತದೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ 2004ರಲ್ಲಿ ತೆರೆದ ಬೆನ್ನಿಗೆ ಬೆನ್ನು ಹಚ್ಚಿದ ಕಾರ್ಮಿಕರ ಮನೆಗಳಲ್ಲೂ ಇದೇ ಉಪಾಯ. ಒಂದು ಮನೆ 1840ರ ದಶಕ, ಪಕ್ಕದ್ದು 1870ರ ದಶಕ, ಮತ್ತೊಂದು 1930ರ ದಶಕ, ಕೊನೆಯದು 1970ರ ದಶಕದ ದರ್ಜಿಯ ಅಂಗಡಿ. ಒಂದೇ ಅಂಗಳ, ನಾಲ್ಕು ಕಾಲ. ನಿಮ್ಮ ಮನೆಯಲ್ಲಿ ಕೋಣೆಗೊಂದು ಸಂಸಾರವಿತ್ತು ಎಂದಿರಿ. ಕೋಣೆಗೊಂದು ಕಾಲ ಎಂದು ಯೋಚಿಸಿ ನೋಡಿ.

ಗಾರೆಕರಣೆ

ಕೋಣೆಗೊಂದು ಕಾಲ ಎಂಬುದನ್ನು ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ: ಆಯಾ ಕೋಣೆಯಲ್ಲಿ ಆ ಕಾಲ ನಿಜವಾಗಿಯೂ ಉಳಿದಿರಬೇಕು. ಅದನ್ನು ತಿಳಿಯುವ ಕ್ರಮ ಹೇಳುತ್ತೇನೆ. ಉಗುರಿನ ಗಾತ್ರಕ್ಕಿಂತ ಚಿಕ್ಕ ಚೂರನ್ನು ಗೋಡೆಯ ಕಾಣದ ಕಡೆಯಿಂದ, ಬಾಗಿಲ ಚೌಕಟ್ಟಿನ ಸಂದಿಯಿಂದ ತಜ್ಞರು ತೆಗೆಯುತ್ತಾರೆ. ಅದನ್ನು ಪಾರದರ್ಶಕ ರಾಳದಲ್ಲಿ ಕೂರಿಸಿ, ಅಡ್ಡ ಕತ್ತರಿಸಿ, ನಯ ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಲ್ಲ ಪದರಗಳೂ ಸಾಲಾಗಿ ನಿಲ್ಲುತ್ತವೆ. ಎರಡು ಪದರಗಳ ನಡುವಿನ ಧೂಳು, ಹೊಗೆಯ ಗೆರೆ ಇನ್ನೂ ಮುಖ್ಯ. ಗೆರೆ ದಪ್ಪಗಿದ್ದರೆ ಆ ಬಣ್ಣ ಬಹುಕಾಲ ಹೊಗೆ ತಿಂದಿದೆ. ಕೋಣೆಯ ಮೂಲೆಯೊಂದರಲ್ಲಿ ಮಾತ್ರ ಆ ಗೆರೆ ಕಂಡರೆ ಅಲ್ಲಿ ಒಲೆ ಇತ್ತೇ, ದೀಪ ಇತ್ತೇ ಎಂದು ಕೇಳಬಹುದು. ಬಾಡಿಗೆದಾರರ ಕಾಲದ ಅಡುಗೆ ಎಲ್ಲೆಲ್ಲಿ ನಡೆಯುತ್ತಿತ್ತು ಎಂಬುದು ಕಾಗದದಲ್ಲಿ ಸಿಗದಿದ್ದರೂ ಗೋಡೆಯಲ್ಲಿ ಸಿಕ್ಕೀತು.

ಈ ಪರೀಕ್ಷೆ ನಮ್ಮ ಅಭಿರುಚಿಗೂ ಪೆಟ್ಟು ಕೊಡುತ್ತದೆ. ಹಳೆಯ ಮನೆ ಎಂದರೆ ಮಾಸಲು ಬಿಳಿ, ಮಂಕು ಬೂದು ಎಂಬ ಸಭ್ಯ ಕಲ್ಪನೆ ಬಹಳ ಜನರಿಗೆ ಇದೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ನ ಮೌಂಟ್ ವರ್ನನ್ ಮನೆಯ ಗೋಡೆಗಳನ್ನು ಹೀಗೆ ಪರೀಕ್ಷಿಸಿದ ಮೇಲೆ ಸಣ್ಣ ಊಟದ ಕೋಣೆಗೆ ಕಣ್ಣು ಕೋರೈಸುವ ಪಚ್ಚೆ ಹಸಿರು ಮರಳಿತು. ನೋಡಲು ಬಂದವರಲ್ಲಿ ಹಲವರಿಗೆ ಅದು ಸಹ್ಯವಾಗಲಿಲ್ಲ. ದುಬಾರಿ ವರ್ಣದ್ರವ್ಯ ಕೊಳ್ಳುವ ಶಕ್ತಿ ತನಗಿದೆ ಎಂದು ತೋರಿಸಿಕೊಳ್ಳುವುದೂ ಅಂದಿನ ಗೃಹಜೀವನದ ಭಾಗವೇ ಆಗಿತ್ತು. ನಮಗೆ ಅದು ಸಭ್ಯವಾಗಿ ಕಾಣಬೇಕೆಂದು ಅವರೇನೂ ಬಾಳಲಿಲ್ಲ.

ಹಿತ್ತಿಲಬಾಗಿಲು

ಇಷ್ಟು ಹೊತ್ತು ಎಲ್ಲರೂ ನಡುಮನೆಯಲ್ಲೇ ನಿಂತು ಮಾತನಾಡುತ್ತಿದ್ದೀರಿ. ಗೃಹಜೀವನ ನಡೆಯುತ್ತಿದ್ದದ್ದು ಹಿಂದಿನ ಬಾಗಿಲಲ್ಲಿ. ನೀರು ಹೊತ್ತವರು, ಪಾತ್ರೆ ತೊಳೆದವರು, ಬಟ್ಟೆ ಒಗೆದವರು, ಕೂಸು ಎತ್ತಿಕೊಂಡವರು ಯಾರು, ಎಲ್ಲಿ ಮಲಗುತ್ತಿದ್ದರು? ವಸ್ತುಸಂಗ್ರಹಾಲಯದವರಿಗೆ ಜಾಗ ಸಾಲದಾದಾಗ ಮೊದಲು ಬಲಿಯಾಗುವುದು ಇದೇ ಭಾಗ. ಬಚ್ಚಲು ಶೌಚಾಲಯವಾಗುತ್ತದೆ, ಉಗ್ರಾಣ ಟಿಕೆಟ್ ಕೌಂಟರ್ ಆಗುತ್ತದೆ.

ಉತ್ಪ್ರೇಕ್ಷೆ ಎನ್ನುವಿರಾದರೆ ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್‌ನ ಮಾಂಟಿಸೆಲೊ ಬಂಗಲೆ ನೋಡಿ. ಅವನ ಮಕ್ಕಳ ತಾಯಿ, ಅವನ ಗುಲಾಮಳೇ ಆಗಿದ್ದ ಸ್ಯಾಲಿ ಹೆಮಿಂಗ್ಸ್ ವಾಸಿಸುತ್ತಿದ್ದಳೆಂದು ನಂಬಲಾದ ಕೋಣೆಯ ಜಾಗದಲ್ಲಿ 1941ರಲ್ಲಿ ಪ್ರವಾಸಿಗರಿಗೆ ಶೌಚಾಲಯ ಕಟ್ಟಿದ್ದರು. ಅದನ್ನು ಕಿತ್ತು, ಉತ್ಖನನ ನಡೆಸಿ, 2018ರಲ್ಲಿ ಅವಳ ಕಥೆಗೆ ಮೀಸಲಾದ ಕೋಣೆಯಾಗಿ ತೆರೆದರು. ಮುಕ್ಕಾಲು ಶತಮಾನ ಆ ಮನೆಗೆ ಬಂದವರು ಜೆಫರ್ಸನ್‌ನ ಪುಸ್ತಕದ ಕಪಾಟು ನೋಡಿ ಬೆರಗಾಗಿ, ಅಲ್ಲಿ ಹೋಗಿ ಕೈ ತೊಳೆದುಕೊಂಡು ಬಂದರು.

ವೇಲ್ಸ್‌ನ ಎರ್ಡಿಗ್ ಬಂಗಲೆ ಇದಕ್ಕೆ ತದ್ವಿರುದ್ಧ. ಅಲ್ಲಿನ ಯಾರ್ಕ್ ಮನೆತನದವರು ಹದಿನೆಂಟನೆಯ ಶತಮಾನದಿಂದ ಆಳುಕಾಳುಗಳ ಭಾವಚಿತ್ರ ಬರೆಸುವ, ಅವರ ಮೇಲೆ ಪದ್ಯ ಕಟ್ಟುವ ವಿಚಿತ್ರ ರೂಢಿ ಇಟ್ಟುಕೊಂಡಿದ್ದರು. 1973ರಲ್ಲಿ ಬಂಗಲೆ ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ಗೆ ಬಂದ ಮೇಲೆ, ನೋಡುಗರನ್ನು ಮುಂಬಾಗಿಲಿನಿಂದ ಬಿಡದೆ ಬಡಗಿಯ ಅಂಗಳ, ಕಮ್ಮಾರಸಾಲೆ, ಒಗೆಯುವ ಮನೆ, ಅಡುಗೆಮನೆಗಳ ಮೂಲಕ ಒಳಗೆ ಕರೆದೊಯ್ದರು. ದಾರಿ ಬದಲಾದರೆ ಮನೆಯ ಅರ್ಥವೇ ಬದಲಾಗುತ್ತದೆ. ಇದಕ್ಕೆ ಖರ್ಚೂ ಇಲ್ಲ, ಟಿಕೆಟ್ ಮೇಜನ್ನು ಎತ್ತಿ ಹಿಂದೆ ಇಡಬೇಕು ಅಷ್ಟೇ. ಯಜಮಾನರ ವಾತ್ಸಲ್ಯದ ಪದ್ಯಗಳನ್ನು ಆಳುಗಳ ಮಾತೆಂದು ತಿಳಿಯಬಾರದು, ಅದು ಬೇರೆ ವಿಷಯ.

ದಾಖಲೆಹುಳು

ಹಿತ್ತಿಲಬಾಗಿಲು ಅವರಿಗೆ ಬೆಂಬಲವಾಗಿ ಕಾಗದಗಳ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಮನೆಯ ಕೋಣೆಯಲ್ಲಿ ಏನೇನಿತ್ತು ಎಂದು ತಿಳಿಯಲು ಇತಿಹಾಸಕಾರರು ಹೆಚ್ಚಾಗಿ ಆಶ್ರಯಿಸುವುದು ಯಜಮಾನ ಸತ್ತ ಮೇಲೆ ಬರೆದ ಆಸ್ತಿಪಟ್ಟಿಗಳನ್ನು. ಇಂಗ್ಲೆಂಡಿನಲ್ಲಿ ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗಿನ ಇಂಥ ಪಟ್ಟಿಗಳು ರಾಶಿಯಾಗಿ ಉಳಿದಿವೆ. ಅಕ್ಕಪಕ್ಕದವರೇ ಕೋಣೆಯಿಂದ ಕೋಣೆಗೆ ನಡೆಯುತ್ತಾ ಹಾಸಿಗೆ, ಪೆಟ್ಟಿಗೆ, ಹಿತ್ತಾಳೆ ಪಾತ್ರೆ ಎಂದು ಬೆಲೆ ಕಟ್ಟಿ ಬರೆದಿರುತ್ತಾರೆ. ಕೋಣೆಗಳ ಹೆಸರು, ಕ್ರಮ ಎಲ್ಲವೂ ಸಿಗುತ್ತವೆ. ಚಿನ್ನದಂಥ ಆಕರ.

ಆದರೆ ಬೆಲೆಯಿಲ್ಲದ್ದು ಅದರಲ್ಲಿ ಇಲ್ಲ. ಹರಿದ ಚಾಪೆ, ಮಣ್ಣಿನ ಮಡಕೆ, ಮಕ್ಕಳು ತಾವೇ ಮಾಡಿಕೊಂಡ ಆಟಿಕೆ ಇವೆಲ್ಲ "ಇತರೆ ಸಾಮಾನು" ಎಂಬ ಒಂದೇ ಸಾಲಿನಲ್ಲಿ ಮುಗಿದು ಹೋಗುತ್ತವೆ. ಮದುವೆಯಾದ ಹೆಂಗಸಿನ ವಸ್ತುಗಳು ಕಾನೂನಿನ ಕಣ್ಣಿನಲ್ಲಿ ಗಂಡನವು, ಹಾಗಾಗಿ ಅವಳ ಹೆಸರಿನಲ್ಲಿ ಪಟ್ಟಿಯೇ ಅಪರೂಪ. ಆಸ್ತಿಪಟ್ಟಿ ನೋಡಿ ಸಜ್ಜುಗೊಳಿಸಿದ ಕೋಣೆ ಆಸ್ತಿವಂತನ ಕಣ್ಣಿನಿಂದ ನೋಡಿದ ಕೋಣೆ.

ಇದಕ್ಕೆ ಮದ್ದು ಇಲಿಗಳು! ತಮಾಷೆಯಲ್ಲ. ಅಮೆರಿಕದ ಚಾರ್ಲ್ಸ್‌ಟನ್‌ನ ನಥಾನಿಯಲ್ ರಸೆಲ್ ಮನೆಯ ಮುಂಭಾಗಕ್ಕೆ ಎಂದೋ ಪ್ರಸಿದ್ಧಿ ಬಂದಿತ್ತು. 2017ರ ಸುಮಾರಿಗೆ ಅದರ ಅಡುಗೆಮನೆಯ ಕಟ್ಟಡದ ಗೋಡೆಯೊಳಗೆ ಹಳೆಯ ಇಲಿಗೂಡುಗಳು ಸಿಕ್ಕವು. ಗುಲಾಮರು ದುಡಿದು ಮಲಗುತ್ತಿದ್ದ ಭಾಗ ಅದು. ಗೂಡಿನಲ್ಲಿ ಬಟ್ಟೆಯ ಚಿಂದಿ, ಗುಂಡಿ, ಗುಂಡುಸೂಜಿ, ಅಚ್ಚಾದ ಕಾಗದದ ತುಣುಕುಗಳಿದ್ದವು. ಅಕ್ಷರ ಕಲಿಸುವುದನ್ನೇ ಕಾನೂನು ನಿಷೇಧಿಸಿದ್ದ ಜನರ ವಾಸದ ಜಾಗದಲ್ಲಿ ಅಕ್ಷರವುಳ್ಳ ಕಾಗದ. ಯಾವ ಆಸ್ತಿಪಟ್ಟಿಯೂ ಇದನ್ನು ಹೇಳುತ್ತಿರಲಿಲ್ಲ.

ಗಾರೆಕರಣೆ

ಅದಕ್ಕೇ ನಾನು ಕೆಲಸಗಾರರಿಗೆ ಹೇಳುವುದು, ನೆಲದ ಹಲಗೆ ಎತ್ತಿದಾಗ ಕೆಳಗಿನ ಕಸವನ್ನು ಗುಡಿಸಿ ಬಿಸಾಡಬೇಡಿ, ಯಾವ ಜಾಗದ್ದು ಎಂದು ಬರೆದು ಚೀಲಕ್ಕೆ ಹಾಕಿ ಎಂದು. ಇಂಗ್ಲೆಂಡಿನ ನಾರ್ಫೋಕ್‌ನ ಆಕ್ಸ್‌ಬರ್ಗ್ ಹಾಲ್‌ನಲ್ಲಿ 2020ರಲ್ಲಿ ಮಾಡಿನ ದುರಸ್ತಿಗೆಂದು ಅಟ್ಟದ ಹಲಗೆ ಎತ್ತಿದಾಗ ಹದಿನೈದನೆಯ ಶತಮಾನದ ಚಿತ್ರಿತ ಹಸ್ತಪ್ರತಿಯ ತುಣುಕೇ ಸಿಕ್ಕಿತು, ಇಲಿಗೂಡಿನಲ್ಲಿ ಹಳೆಯ ಬಟ್ಟೆಯ ಚೂರುಗಳೂ ಇದ್ದವು.

ನಿಷ್ಠುರ

ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಕೋಣೆಗೊಂದು ಸಂಸಾರವಿದ್ದ ಮನೆಯನ್ನು ಖಾಲಿ ಮಾಡಿಸಿ, ಸಂಸಾರ ಹೇಗಿತ್ತು ಎಂದು ತೋರಿಸುವುದು ವಿಪರ್ಯಾಸವಲ್ಲವೇ? ಮನೆ ಉಳಿಯಬೇಕಾದರೆ ಅದರಲ್ಲಿ ಜನ ಇರಬೇಕು. ಜಪಾನಿನ ಶಿರಕಾವಾ ಗೋ, ಗೊಕಾಯಾಮ ಹಳ್ಳಿಗಳ ಕಡಿದಾದ ಹುಲ್ಲುಮಾಡಿನ ಮನೆಗಳು 1995ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅಟ್ಟದಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಆ ಮನೆಗಳಲ್ಲಿ ಇಂದಿಗೂ ಜನರಿದ್ದಾರೆ. ಮಾಡು ಹೊದಿಸುವಾಗ ನೆರೆಹೊರೆಯವರು ಕೂಡಿ ದುಡಿಯುವ ಪದ್ಧತಿ ಇದ್ದುದರಿಂದಲೇ ಅವು ಉಳಿದವು. ಹುಲ್ಲು ಹೊಸದಾಗುತ್ತದೆ, ಕೆಲಸ ಬಲ್ಲ ಕೈ ಉಳಿಯುತ್ತದೆ. ಮೂಲ ವಸ್ತುವೇ ಸರ್ವಸ್ವವಲ್ಲ, ಕೌಶಲ, ಬಳಕೆ, ಭಾವ ಇವೂ ನೈಜತೆಯ ಅಳತೆಗಳೇ ಎಂದು ಪರಂಪರೆ ತಜ್ಞರು ಜಪಾನಿನಲ್ಲಿ ರೂಪಿಸಿದ 1994ರ ನಾರಾ ದಾಖಲೆ ಒಪ್ಪಿಕೊಂಡಿತಲ್ಲ. ವೆನಿಸ್ ಸನ್ನದನ್ನೇ ಹಿಡಿದು ಜಪ ಮಾಡುವವರು ಅದನ್ನೂ ಓದಲಿ.

ಹಣದ ವಿಷಯವೂ ಇದೆ. ಬಾಡಿಗೆ ಬರುವ ಮನೆ ತನ್ನ ಮಾಡನ್ನು ತಾನೇ ಹೊದಿಸಿಕೊಳ್ಳುತ್ತದೆ. ವಸ್ತುಸಂಗ್ರಹಾಲಯವಾದ ಮನೆ ಉದ್ಘಾಟನೆಯ ಮರುದಿನದಿಂದ ಕೈ ಚಾಚುತ್ತದೆ. ಹೀಗೆ ತೆರೆದು, ಕೆಲವೇ ವರ್ಷಗಳಲ್ಲಿ ಬೀಗ ಬಿದ್ದು, ಮೊದಲಿಗಿಂತ ಹಾಳಾದ ಮನೆಗಳು ಎಲ್ಲ ದೇಶಗಳಲ್ಲೂ ಇವೆ.

ವಾಸದಮನೆ

ಸಂರಕ್ಷಿತ ಎಂದು ಗುರುತಾದ ಹಳೆಯ ಮನೆಯಲ್ಲಿ ವಾಸವಾಗಿರುವವಳು ನಾನು. ನಿಷ್ಠುರರೇ, ಜನ ಇದ್ದರೆ ಮನೆ ತಾನಾಗಿ ಉಳಿಯುತ್ತದೆ ಎಂಬುದು ಅರ್ಧಸತ್ಯ. ವಾಸಿಸುವವರು ಮನೆಯನ್ನು ಬದಲಿಸುತ್ತಲೇ ಇರುತ್ತಾರೆ, ಅದು ಅವರ ಹಕ್ಕು. ಮೊದಲು ಬದಲಾಗುವುದು ಅಡುಗೆಮನೆ. ಫ್ರಾಂಕ್‌ಫರ್ಟ್‌ನಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟ್ ಲಿಹೋಟ್ಸ್ಕಿ 1926ರಲ್ಲಿ ರೂಪಿಸಿದ ಅಡುಗೆಮನೆಯನ್ನೇ ನೋಡಿ. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಹೆಂಗಸಿನ ಹೆಜ್ಜೆ ಉಳಿಸಲು ಎಲ್ಲವೂ ಕೈಗೆಟಕುವಂತೆ ಅಳೆದು ಮಾಡಿದ್ದು. ಅಂಥವು 10,000ದಷ್ಟು ಕಟ್ಟಲ್ಪಟ್ಟವು. ಬಹುಪಾಲನ್ನು ಮುಂದೆ ಅಲ್ಲಿ ವಾಸಿಸಿದವರೇ ಕಿತ್ತುಹಾಕಿದರು. ಇಬ್ಬರು ನಿಲ್ಲಲು ಜಾಗವಿಲ್ಲದ ಅಡುಗೆಮನೆ ಯಾರಿಗೆ ಬೇಕು? ನಾನಿದ್ದರೂ ಕೀಳುತ್ತಿದ್ದೆ. ಇಂದು ವಸ್ತುಸಂಗ್ರಹಾಲಯಗಳು ಅಳಿದುಳಿದ ಒಂದೊಂದನ್ನು ಜೋಪಾನ ಮಾಡುತ್ತಿವೆ. ಅವು ಇಲ್ಲದಿದ್ದರೆ, ಹೆಂಗಸಿನ ದುಡಿಮೆಯನ್ನು ಹಗುರ ಮಾಡುತ್ತೇವೆಂದು ಅವಳನ್ನು ಒಂಟಿಯಾಗಿ ಒಂದು ಗೂಡಿನಲ್ಲಿ ನಿಲ್ಲಿಸಿದ್ದು ಹೇಗೆ ಎಂದು ಮೈಯಿಂದ ತಿಳಿಯಲು ಸಾಧ್ಯವಿರಲಿಲ್ಲ.

ನಮ್ಮ ಮನೆಗೆ ಹಿಂದೊಬ್ಬ ಗುತ್ತಿಗೆದಾರ ಗಟ್ಟಿಯಾಗಲಿ ಎಂದು ಸುಣ್ಣದ ಗೋಡೆಗೆ ಸಿಮೆಂಟ್ ಬಳಿದು ಹೋಗಿದ್ದ. ಸುಣ್ಣದ ಗಾರೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ತಡೆಯುತ್ತದೆ. ಮೃದುವಾದ ಇಟ್ಟಿಗೆ ಒಳಗಿಂದ ಪುಡಿಯಾಗುತ್ತಾ ಬಂತು. ಪಡಸಾಲೆಯವರೇ, ವರ್ಷ ಯಾವುದಾದರೂ ಆರಿಸಿಕೊಳ್ಳಿ, ಸಿಮೆಂಟ್ ಚೀಲ ಮಾತ್ರ ಒಳಗೆ ಬಿಡಬೇಡಿ.

ಎಣ್ಣೆದೀಪ

ಗೋಡೆ, ಮಂಚ, ಪಾತ್ರೆಗಳ ಮಾತಾಯಿತು. ಕತ್ತಲೆಯ ಮಾತು ಯಾರೂ ಎತ್ತಲಿಲ್ಲ. ಒಂದು ಮೇಣದಬತ್ತಿಯ ಬೆಳಕು ಸುಮಾರು 12 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ). ಹಳೆಯ 60 ವ್ಯಾಟ್ ಬಲ್ಬಿನದು ಸುಮಾರು 800. ಅಂದರೆ ಒಂದು ಬಲ್ಬಿಗೆ ಅರವತ್ತಕ್ಕೂ ಹೆಚ್ಚು ಮೇಣದಬತ್ತಿ ಬೇಕು. ಅಷ್ಟನ್ನು ದಿನನಿತ್ಯ ಒಂದು ಕೋಣೆಯಲ್ಲಿ ಉರಿಸುವ ಮನೆ ಎಲ್ಲಿತ್ತು? ಜನ ಕಿಟಕಿಯ ಬಳಿಗೆ ಕುರ್ಚಿ ಎಳೆದುಕೊಳ್ಳುತ್ತಿದ್ದರು, ಒಂದೇ ದೀಪದ ಸುತ್ತ ಎಲ್ಲರೂ ಕೂರುತ್ತಿದ್ದರು, ಕನ್ನಡಿ ಮತ್ತು ಚಿನ್ನದ ಅಂಚಿನ ಚೌಕಟ್ಟುಗಳು ಬೆಳಕನ್ನು ಕೋಣೆಗೆ ತಿರುಗಿಸುತ್ತಿದ್ದವು. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಆ ಚಿನ್ನದ ಅಂಚು ಬರಿಯ ಡೌಲಾಗಿ ಕಾಣುತ್ತದೆ. ದೀಪ ಆರಿಸಿದರೆ ಅದರ ಉಪಯೋಗ ಗೊತ್ತಾಗುತ್ತದೆ. ಹಳೆಯ ಬಟ್ಟೆ, ಜಲವರ್ಣದಂಥ ವಸ್ತುಗಳಿಗೆ ಸಂರಕ್ಷಕರು ಸಾಮಾನ್ಯವಾಗಿ 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಮಿತಿ ಇಡುತ್ತಾರೆ, ಏಕೆಂದರೆ ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಹಿಂದಿರುಗುವುದಿಲ್ಲ. ಮಂದ ಬೆಳಕು ವಸ್ತುವಿಗೂ ಕ್ಷೇಮ, ಸತ್ಯಕ್ಕೂ ಹತ್ತಿರ.

ಚಪ್ಪಾಳೆಯವರು ರಂಗಸಜ್ಜಿಕೆ ಬೈಗುಳವೇ ಎಂದು ಕೇಳಿದ್ದರು. ಲಂಡನ್ನಿನ 18 ಫೋಲ್ಗೇಟ್ ಬೀದಿಯ ಮನೆಯನ್ನು 1979ರಲ್ಲಿ ಕೊಂಡ ಡೆನಿಸ್ ಸೆವರ್ಸ್ ಅಲ್ಲೇ ವಾಸಿಸುತ್ತಾ, ಎಂದೂ ಇಲ್ಲದ ರೇಷ್ಮೆ ನೇಕಾರ ಕುಟುಂಬವೊಂದನ್ನು ಕಲ್ಪಿಸಿ ಕೋಣೆ ಕೋಣೆಯನ್ನೂ ಅವರದ್ದಾಗಿ ಮಾಡಿದ. ಅರ್ಧ ತಿಂದ ಊಟ, ಕೆದರಿದ ಹಾಸಿಗೆ, ಪಕ್ಕದ ಕೋಣೆಯಲ್ಲಿ ಯಾರೋ ಈಗಷ್ಟೇ ಎದ್ದು ಹೋದ ಸದ್ದು. ಎಲ್ಲವೂ ಕಟ್ಟುಕಥೆ, ಅವನು ಅದನ್ನು ಮುಚ್ಚಿಡಲೂ ಇಲ್ಲ. ಕಥೆ ಎಂದು ಹೇಳಿ ಕಥೆ ಹೇಳಿದರೆ ನನ್ನ ಆಕ್ಷೇಪವಿಲ್ಲ. ಕಥೆಯನ್ನು ಸಾಕ್ಷ್ಯ ಎಂದು ಮಾರಿದಾಗ ತಕರಾರು.

ಸಾಕ್ಷ್ಯವೇ ಸಿಕ್ಕ ಅಪರೂಪದ ಮನೆಯೂ ಇದೆ. ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ 1943ರಿಂದ 1971ರಲ್ಲಿ ಸಾಯುವವರೆಗೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಾಳಿದ ಸಾಧಾರಣ ಮನೆ. ಮನೆಯಲ್ಲಿನ ಹರಟೆ, ಅಭ್ಯಾಸ ಎಲ್ಲವನ್ನೂ ಟೇಪಿನಲ್ಲಿ ಮುದ್ರಿಸಿಕೊಳ್ಳುವ ಹುಚ್ಚು ಆತನಿಗಿತ್ತು. ಆ ಕೋಣೆಗಳಲ್ಲಿ ನಿಂತು, ಅಲ್ಲೇ ಮುದ್ರಿತವಾದ ಧ್ವನಿಗಳನ್ನು ಇಂದು ಕೇಳಬಹುದು.

ಚಪ್ಪಾಳೆ

ಸರಿ, ನನ್ನ ಮಕ್ಕಳು ಇದಕ್ಕೆ ಐಸ್‌ಕ್ರೀಂ ಮರೆತಾರು. ಆದರೂ ಕೇಳುತ್ತೇನೆ, ನೋಡಲು ಏನೂ ಇಲ್ಲದ ಕೋಣೆಯಿಂದ ಯಾರಿಗಾದರೂ ಏನಾದರೂ ತಿಳಿದದ್ದು ಉಂಟೇ?

ದಾಖಲೆಹುಳು

ಉಂಟು. ಆಮ್ಸ್ಟರ್‌ಡಾಮಿನ ಆನ್ ಫ್ರಾಂಕ್ ಮನೆ, ಎರಡನೆಯ ಮಹಾಯುದ್ಧದಲ್ಲಿ ಯಹೂದಿ ಹುಡುಗಿ ಆನ್ ತನ್ನ ಮನೆಯವರೊಂದಿಗೆ ನಾಜಿಗಳಿಂದ ಅಡಗಿದ್ದ ಜಾಗ. ಅಡಗಿದ್ದವರನ್ನು 1944ರಲ್ಲಿ ಬಂಧಿಸಿದ ಮೇಲೆ ನಾಜಿಗಳು ಸಾಮಾನುಗಳನ್ನು ಹೊರಗೆ ಸಾಗಿಸಿದರು. 1960ರಲ್ಲಿ ಮನೆ ಸಾರ್ವಜನಿಕರಿಗೆ ತೆರೆದಾಗ, ಕೋಣೆಗಳು ಖಾಲಿಯಾಗಿಯೇ ಇರಲಿ ಎಂಬುದು ತಂದೆ ಓಟೋ ಫ್ರಾಂಕ್ ಅವರ ಇಚ್ಛೆ. ಆದರೆ ಎಲ್ಲಿ ಏನಿತ್ತು ಎಂದು ತಿಳಿಯಬೇಕಲ್ಲ? ಅದಕ್ಕೆ ಅವರ ನೆನಪಿನ ಆಧಾರದಲ್ಲಿ ಕೋಣೆಗಳ ಪುಟ್ಟ ಮಾದರಿಗಳನ್ನು ಮಾಡಿಸಿಟ್ಟರು. ಮಂಚ ಮೇಜುಗಳೆಲ್ಲ ಆ ಮಾದರಿಯಲ್ಲಿ, ಕೋಣೆ ಮಾತ್ರ ಬರಿದು. ನಿಮ್ಮ ತಂಡದ ಎರಡೂ ಬಣಗಳನ್ನು ಒಪ್ಪಿಸಬಲ್ಲ ಉಪಾಯ ಇದು ಎಂದು ನನಗೆ ಅನಿಸುತ್ತದೆ. ಮೊಮ್ಮಗನ ಕಾಲದ ವೈಭವವನ್ನು ಗಾಜಿನ ಪೆಟ್ಟಿಗೆಯೊಳಗೆ ಅಂಗೈ ಅಗಲದಲ್ಲಿ ತೋರಿಸಿ, ಗೋಡೆಯನ್ನು ಗೋಡೆಯ ಪಾಡಿಗೆ ಬಿಡಿ.

ಆ ಮನೆಯಲ್ಲಿ ಹೆಣ್ಣುಮಕ್ಕಳಿಬ್ಬರ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿದ ಗೆರೆಗಳು ಗೋಡೆಯ ಮೇಲೆ ಉಳಿದಿವೆ. ಅಡಗಿ ಕೂತಿದ್ದಾಗಲೂ ಮಕ್ಕಳು ಬೆಳೆಯುತ್ತಲೇ ಇದ್ದರು. ಚಾರ್ಲ್ಸ್‌ಟನ್ ಸಮೀಪದ ಡ್ರೇಟನ್ ಹಾಲ್‌ನಲ್ಲೂ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರದ ಗೆರೆಗಳಿವೆ. 1738ರಲ್ಲಿ ಕಟ್ಟಲಾರಂಭಿಸಿದ ಆ ಬಂಗಲೆಯಲ್ಲಿ ಇಂದಿಗೂ ವಿದ್ಯುತ್ತಿನ ದೀಪವಿಲ್ಲ, ಪೀಠೋಪಕರಣವಿಲ್ಲ. 1974ರಲ್ಲಿ ಸಂರಕ್ಷಣೆಗೆ ಬಂದಾಗ, ಹೊಸದಾಗಿಸದೆ ಇದ್ದಂತೆ ಕಾಪಾಡುವುದು ಎಂದು ತೀರ್ಮಾನಿಸಿದರು. ಯಾರಾದರೂ ಅದನ್ನು 1750ಕ್ಕೆ ಮರಳಿಸಲು ಹೊರಟಿದ್ದರೆ ಮೊದಲು ಹೋಗುತ್ತಿದ್ದದ್ದು ಆ ಗೆರೆಗಳು.

ಅಡ್ಡಗೋಡೆ

ಬಹಳ ದಿನಗಳಿಂದ ಸುಮ್ಮನೆ ಓದುತ್ತಿದ್ದವಳು, ಇದಕ್ಕೆ ಬರೆಯಲೇಬೇಕು. ನಾನು ಇಂಥದ್ದೇ ಸೀಳಿದ ಹಜಾರದ ಅರ್ಧದಲ್ಲಿ ಬೆಳೆದವಳು. ಬಾಡಿಗೆದಾರರ ಪರವಾಗಿ ಇಷ್ಟು ಜನ ಮಾತನಾಡಿದ್ದೀರಿ, ಸಂತೋಷ. ಅವರನ್ನು ಕೇಳಿದ್ದೀರಾ ಎಂದು ಮಾತ್ರ ಯಾರೂ ಬರೆದಿಲ್ಲ.

ಮಸಿ ಗೋಡೆಯನ್ನು ಉಳಿಸಿ, ಕೆಳಗೆ "ಬಡ ಕುಟುಂಬಗಳ ಬವಣೆ" ಎಂದು ಫಲಕ ಹಾಕುತ್ತೀರಿ ಎಂಬುದು ನನ್ನ ಭಯ. ನನ್ನ ತಾಯಿ ಆ ಗೋಡೆಗೆ ವರ್ಷಕ್ಕೊಮ್ಮೆ ತಾನೇ ಸುಣ್ಣ ಬಳಿಯುತ್ತಿದ್ದಳು. ಮಸಿ ಕಂಡರೆ ಅವಳಿಗೆ ಅವಮಾನ. ಅವಳ ಗೃಹಜೀವನ ಇದ್ದದ್ದು ಮಸಿಯಲ್ಲಿ ಅಲ್ಲ, ಅದನ್ನು ಮುಚ್ಚಿದ ಸುಣ್ಣದಲ್ಲಿ. ನಿಮ್ಮ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು ದಯವಿಟ್ಟು ಇದನ್ನೂ ನೋಡಿ. ಅಗ್ಗದ ಸುಣ್ಣದ ತೆಳು ಪದರಗಳು ಒತ್ತೊತ್ತಾಗಿ ಇದ್ದರೆ ಅಲ್ಲಿ ಯಾರೋ ಹಟ ಹಿಡಿದು ಮನೆಯನ್ನು ಮರ್ಯಾದೆಯಿಂದ ಇಟ್ಟುಕೊಂಡಿದ್ದರು ಎಂದು ಅರ್ಥ.

ಹಲಗೆ ಗೋಡೆಯನ್ನು ಬರಿಯ ಗಾಯವೆಂದು ತಿಳಿಯಬೇಡಿ. ಆಚೆ ಬದಿಯವರ ಜಗಳ, ಕೆಮ್ಮು, ರೇಡಿಯೊ ಎಲ್ಲ ನಮಗೆ ಕೇಳುತ್ತಿತ್ತು, ನಮ್ಮದು ಅವರಿಗೆ. ಯಾವ ಮಾತನ್ನು ಪಿಸುಗುಡಬೇಕು, ಯಾವುದನ್ನು ಬೇಕೆಂದೇ ಗಟ್ಟಿಯಾಗಿ ಆಡಬೇಕು ಎಂಬುದು ನಮ್ಮ ಮನೆಯ ಶಿಕ್ಷಣವಾಗಿತ್ತು. ಈ ಸಂಗತಿ ಯಾವ ವಸ್ತುವಿನಲ್ಲೂ ಉಳಿಯುವುದಿಲ್ಲ. ಆ ಸಂಸಾರಗಳಲ್ಲಿ ಬದುಕಿರುವವರನ್ನು ಹುಡುಕಿ. ಒಪ್ಪದವರನ್ನು ಒತ್ತಾಯಿಸಬೇಡಿ. ಕೆಲವರಿಗೆ ಅಲ್ಲಿದ್ದೆವು ಎಂದು ಹೇಳಿಕೊಳ್ಳುವುದೇ ಬೇಡವಾಗಿರುತ್ತದೆ, ಅದೂ ಅವರ ಹಕ್ಕು.

ಹಿತ್ತಿಲಬಾಗಿಲು

ಸುಣ್ಣದ ಮಾತು ಒಪ್ಪಿದೆ. ಆರ್ಚರ್ಡ್ ಬೀದಿಯ ಬಾಲ್ಡಿಝಿ ಮನೆ ಮನಸ್ಸಿಗೆ ತಟ್ಟಲು ಕಾರಣವೂ ಅದೇ. ಅಲ್ಲಿ ಬೆಳೆದ ಆ ಕುಟುಂಬದ ಮಗಳು ವಸ್ತುಸಂಗ್ರಹಾಲಯದವರಿಗೆ ತನ್ನ ನೆನಪುಗಳನ್ನು ಹೇಳಿದಳು. ಆ ಕೋಣೆಯಲ್ಲಿ ಅವಳ ಧ್ವನಿಯನ್ನೇ ಕೇಳಿಸಿದರು. ಈಗ ವಸ್ತುಸಂಗ್ರಹಾಲಯವಾಗಿರುವ ಗ್ಲಾಸ್ಗೋದ ಟೆನೆಮೆಂಟ್ ಹೌಸ್‌ನಲ್ಲಿ 1911ರಿಂದ 1965ರವರೆಗೆ ವಾಸವಿದ್ದ ಬೆರಳಚ್ಚುಗಾರ್ತಿ ಆಗ್ನೆಸ್ ಟುವರ್ಡ್ ಏನನ್ನೂ ಎಸೆಯದವಳು. ರಸೀದಿ, ಕಾಗದಪತ್ರ, 1929ರ ದಿನಾಂಕವಿದ್ದ ಹಣ್ಣಿನ ಜಾಮಿನ ಜಾಡಿ ಕೂಡ ಅಲ್ಲಿ ಸಿಕ್ಕಿತು. ಆದರೂ ಆ ಜಾಡಿಯನ್ನು ಅಷ್ಟು ವರ್ಷ ಏಕೆ ಇಟ್ಟುಕೊಂಡಳು ಎಂದು ಹೇಳಲು ಅವಳೇ ಇರಬೇಕಿತ್ತು.

ಪಡಸಾಲೆ

ಎಲ್ಲರಿಗೂ ಕೃತಜ್ಞತೆ. ಸಭೆಗೆ ಒಯ್ಯುವ ಪ್ರಸ್ತಾವ ಹೀಗಿದೆ. ಬಣ್ಣದ ಮಾದರಿ ಪರೀಕ್ಷೆಯಾಗುವವರೆಗೆ ಯಾವ ಗೋಡೆಯನ್ನೂ ಮುಟ್ಟುವುದಿಲ್ಲ. ಮೊಮ್ಮಗನ ಓದುವ ಕೋಣೆಗೆ ಮಾತ್ರ ಫೋಟೊ ಇದೆ, ಅದಷ್ಟನ್ನೇ ಸಜ್ಜುಗೊಳಿಸುವುದು. ಹಜಾರದ ಹಲಗೆ ಗೋಡೆ ಇದ್ದಲ್ಲೇ ಇರುತ್ತದೆ. ಹಳೆಯ ವೈಭವಕ್ಕೆ ಪುಟ್ಟ ಮಾದರಿ. ಪ್ರವೇಶ ಹಿತ್ತಿಲಿನಿಂದ. ಬಾಡಿಗೆದಾರರ ಕುಟುಂಬಗಳನ್ನು ಭೇಟಿಯಾಗುವ ಹೊಣೆ ನನ್ನದು. ಅಡ್ಡಗೋಡೆಯವರು ಒಪ್ಪಿದರೆ ಪ್ರಶ್ನೆಗಳ ಪಟ್ಟಿಯನ್ನು ಮೊದಲು ಅವರಿಗೆ ತೋರಿಸುತ್ತೇನೆ. ನಿಷ್ಠುರರ ಮಾತನ್ನೂ ಬಿಟ್ಟಿಲ್ಲ, ಹಿಂಬದಿಯ ಎರಡು ಕೋಣೆಗಳನ್ನು ವಾಸಕ್ಕೇ ಕೊಟ್ಟು ಕಾವಲು ಮತ್ತು ಬಾಡಿಗೆ ಎರಡೂ ಸಿಗುವಂತೆ ಮಾಡಬಹುದೇ ಎಂದು ಕೇಳಲಿದ್ದೇನೆ.

ಒಂದು ಸಂದೇಹ ಉಳಿದಿದೆ. ಮೇಲಿನ ಅಂತಸ್ತಿನ ಮರದ ನೆಲ ನಡೆದರೆ ಕಿರುಗುಟ್ಟುತ್ತದೆ. ಜನರನ್ನು ಹತ್ತಿಸಬಹುದೇ?

ಅಡ್ಡಗೋಡೆ

ಪಟ್ಟಿ ಕಳುಹಿಸಿ, ನೋಡುತ್ತೇನೆ. "ನಿಮಗೆ ಕಷ್ಟವಾಗುತ್ತಿತ್ತೇ?" ಎಂದು ಶುರು ಮಾಡಬೇಡಿ. "ಪಾತ್ರೆ ಎಲ್ಲಿ ಒಣಗಿಸುತ್ತಿದ್ದಿರಿ?" ಎಂದು ಕೇಳಿ, ಉಳಿದದ್ದನ್ನು ಅವರೇ ಹೇಳುತ್ತಾರೆ.

ಗಾರೆಕರಣೆ

ಕಿರುಗುಟ್ಟುವುದು ಸಡಿಲ ಮೊಳೆಯಿಂದಲೂ ಆಗಬಹುದು, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಲಡ್ಡಾಗಿರುವುದರಿಂದಲೂ ಆಗಬಹುದು. ಎರಡನೆಯದು ಹೊರಗೆ ಕಾಣುವುದಿಲ್ಲ. ಸಂಸಾರವೊಂದು ಓಡಾಡಿದ ನೆಲ ಮತ್ತು ಇಪ್ಪತ್ತು ಜನ ಒಂದೇ ಕಡೆ ಗುಂಪಾಗಿ ನಿಂತು ಕಥೆ ಕೇಳುವ ನೆಲ, ಇವೆರಡರ ಮೇಲಿನ ಭಾರ ಬೇರೆ ಬೇರೆ. ಹಳೆಯ ಮರದ ಕಟ್ಟಡ ಬಲ್ಲ ಎಂಜಿನಿಯರರಿಂದ ತೊಲೆಯ ತುದಿಗಳನ್ನು ಪರೀಕ್ಷಿಸಿ, ಒಮ್ಮೆಗೆ ಎಷ್ಟು ಜನ ಎಂದು ಬರೆಸಿಕೊಳ್ಳಿ. ಆ ವರದಿ ಕೈಗೆ ಬರುವವರೆಗೆ ಮೇಲಕ್ಕೆ ಯಾರನ್ನೂ ಹತ್ತಿಸಬೇಡಿ, ನಿಮ್ಮ ತಂಡದವರನ್ನೂ ಸೇರಿಸಿ.